ಮಿಶ್ರ ಸಂಗೀತದಿಂದ ವಾದ್ಯಗಳನ್ನು ಬೇರ್ಪಡಿಸುವ ತಂತ್ರಾಂಶಗಳು: ಹೋಲಿಕೆಯ ಟಿಪ್ಪಣಿ

ಗಾಯನ, ಡ್ರಮ್ಸ್, ಬೇಸ್, ಗಿಟಾರ್ ಎಲ್ಲವೂ ಬೆರೆತು ಸಿದ್ಧವಾದ ಹಾಡೊಂದನ್ನು ಕೊಟ್ಟರೆ ಅದನ್ನು ಮತ್ತೆ ಬಿಡಿ ಟ್ರ್ಯಾಕ್‌ಗಳಾಗಿ, ಅಂದರೆ ಸ್ಟೆಮ್‌ಗಳಾಗಿ, ಬಿಡಿಸಿಕೊಡುವ ತಂತ್ರಾಂಶಗಳು ಈಗ ಹಲವಾರಿವೆ. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳುವುದಕ್ಕಿಂತ ಯಾವುದು ಎಲ್ಲಿ ಎಡವುತ್ತದೆ, ಆ ತಪ್ಪು ನಮ್ಮ ಕೆಲಸಕ್ಕೆ ಎಷ್ಟು ತೊಂದರೆ ಕೊಡುತ್ತದೆ ಎಂದು ಕೇಳುವುದೇ ಕಲಿಯುವವರಿಗೆ ಹೆಚ್ಚು ಪ್ರಯೋಜನಕಾರಿ ಎಂಬುದು ನನ್ನ ಅಭಿಪ್ರಾಯ. ಅಂಕಪಟ್ಟಿಯ ಮೊದಲ ಸಾಲಿನ ಹೆಸರು ಆಗಾಗ ಬದಲಾಗುತ್ತಲೇ ಇರುತ್ತದೆ. ತಪ್ಪುಗಳ ಬಗೆಯನ್ನು ಗುರುತಿಸಲು ಪಳಗಿದ ಕಿವಿ ಯಾವ ತಂತ್ರಾಂಶ ಬಂದರೂ ಕೆಲಸಕ್ಕೆ ಬರುತ್ತದೆ.

ಮೊದಲು ಸಮಸ್ಯೆಯ ಸ್ವರೂಪವನ್ನು ನೋಡೋಣ. ಸ್ಟೀರಿಯೊ ಕಡತದಲ್ಲಿ ಇರುವುದು ಎಡ ಮತ್ತು ಬಲ ಎಂಬ ಎರಡೇ ಸಂಕೇತಗಳು. ಅವುಗಳಿಂದ ನಾಲ್ಕೋ ಐದೋ ಮೂಲಗಳನ್ನು ಹೊರತೆಗೆಯಬೇಕು. ಸಮೀಕರಣಗಳಿಗಿಂತ ಅವ್ಯಕ್ತಗಳೇ ಹೆಚ್ಚಿರುವ ಇಂಥ ಲೆಕ್ಕಕ್ಕೆ ಒಂದೇ ಉತ್ತರವಿರುವುದಿಲ್ಲವಾದ್ದರಿಂದ ಯಾವುದಾದರೊಂದು ಊಹೆಯನ್ನು ಮೇಲಿನಿಂದ ಸೇರಿಸಲೇಬೇಕಾಗುತ್ತದೆ. ಗಾಯನವು ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿರುತ್ತದೆ ಎಂಬ ಊಹೆಯ ಮೇಲೆ ನಿಂತಿದ್ದ ಹಳೆಯ ವಿಧಾನದಲ್ಲಿ ಎಡದಿಂದ ಬಲವನ್ನು ಕಳೆಯುತ್ತಿದ್ದರು. ಆದರೆ ಬೇಸ್ ಮತ್ತು ಕಿಕ್ ಡ್ರಮ್ ಕೂಡ ನಡುವಿನಲ್ಲಿಯೇ ಇರುವುದರಿಂದ ಅವೂ ಗಾಯನದ ಜೊತೆಗೆ ಅಳಿದುಹೋಗುತ್ತಿದ್ದವು; ಎರಡೂ ಬದಿಗೆ ಹರಡಿಕೊಂಡಿರುವ ಗಾಯನದ ಅನುರಣನವು ಮಾತ್ರ ಹಾಗೆಯೇ ಉಳಿಯುತ್ತಿತ್ತು. ಇಂದಿನ ತಂತ್ರಾಂಶಗಳಲ್ಲಿ ಊಹೆಯನ್ನು ಮನುಷ್ಯರು ಬರೆದಿಡುವುದಿಲ್ಲ. ಬಿಡಿ ಟ್ರ್ಯಾಕ್‌ಗಳು ಲಭ್ಯವಿರುವ ನೂರಾರು ಹಾಡುಗಳನ್ನು ತೋರಿಸಿ ತರಬೇತಿ ಕೊಟ್ಟಾಗ ನ್ಯೂರಲ್ ನೆಟ್‌ವರ್ಕ್ ತಾನೇ ಅದನ್ನು ರೂಪಿಸಿಕೊಳ್ಳುತ್ತದೆ.

ಕಷ್ಟ ಎಲ್ಲಿದೆ ಎಂಬುದನ್ನು ಒಂದು ಕ್ಷಣದ ಸಂಗೀತದಲ್ಲಿಯೇ ಕಾಣಬಹುದು. ಕಿಕ್ ಡ್ರಮ್‌ನ ಒಂದು ಏಟು ಮತ್ತು ಬೇಸ್ ಗಿಟಾರಿನ ಅತಿ ಕೆಳಗಿನ ಬಿಡಿ ತಂತಿ ಒಟ್ಟಿಗೆ ನುಡಿದವು ಎಂದುಕೊಳ್ಳಿ. ಆ ತಂತಿಯ ಮೂಲ ಕಂಪನಾಂಕ ಸುಮಾರು 41 ಹರ್ಟ್ಜ್. ಕಿಕ್‌ನ ಶಕ್ತಿಯ ಹೆಚ್ಚಿನ ಪಾಲು ಸಾಮಾನ್ಯವಾಗಿ 50ರಿಂದ 100 ಹರ್ಟ್ಜ್ ನಡುವೆ ಇರುತ್ತದೆ, ಮತ್ತು ಬೇಸ್ ತಂತಿಯ ಎರಡನೆಯ ಸಂವಾದಿ, ಅಂದರೆ ಮೂಲದ ಎರಡರಷ್ಟಾದ 82 ಹರ್ಟ್ಜ್, ಅದೇ ಜಾಗದಲ್ಲಿ ಬಂದು ಕೂರುತ್ತದೆ. ಅಲೆಯ ಎತ್ತರವನ್ನು ಸೆಕೆಂಡಿಗೆ 44,100 ಬಾರಿ ಅಳೆದು ದಾಖಲಿಸಿದ ಕಡತವನ್ನು 4096 ಅಳತೆಗಳ ಕಿಟಕಿಗಳಾಗಿ ಕತ್ತರಿಸಿ ಸ್ಪೆಕ್ಟ್ರೋಗ್ರಾಂ, ಅಂದರೆ ಯಾವ ಕ್ಷಣದಲ್ಲಿ ಯಾವ ಕಂಪನಾಂಕಕ್ಕೆ ಎಷ್ಟು ಶಕ್ತಿ ಎಂದು ತೋರಿಸುವ ಚಿತ್ರ, ಮಾಡಿದರೆ ಒಂದೊಂದು ಕಿಟಕಿಯೂ ಸುಮಾರು 93 ಮಿಲಿಸೆಕೆಂಡು ಉದ್ದವಿರುತ್ತದೆ, ಪಕ್ಕಪಕ್ಕದ ಎರಡು ಕಂಪನಾಂಕದ ಗೆರೆಗಳ ಅಂತರ ಸುಮಾರು 10.8 ಹರ್ಟ್ಜ್ ಆಗುತ್ತದೆ. ಹೀಗಾಗಿ ಕಿಕ್ ಮತ್ತು ಬೇಸ್ ಎರಡೂ ಬೆರಳೆಣಿಕೆಯ ಗೆರೆಗಳಲ್ಲಿ ಇಕ್ಕಟ್ಟಿನಲ್ಲಿ ಸೇರಿಕೊಳ್ಳುತ್ತವೆ. ಕಿಟಕಿಯನ್ನು ಉದ್ದ ಮಾಡಿದರೆ ಗೆರೆಗಳು ಸೂಕ್ಷ್ಮವಾಗುತ್ತವೆ, ಆದರೆ ಏಟು ಬಿದ್ದ ಕ್ಷಣ ಮಸುಕಾಗುತ್ತದೆ; ಚಿಕ್ಕದು ಮಾಡಿದರೆ ಏಟು ಸ್ಪಷ್ಟವಾಗುತ್ತದೆ, ಸ್ವರ ಮಸುಕಾಗುತ್ತದೆ. ಇದೇ ಬಗೆಯ ಗೊಂದಲ ಮೇಲಿನ ತುದಿಯಲ್ಲಿಯೂ ಇದೆ: ಗಾಯಕರು ಉಚ್ಚರಿಸುವ ‘ಸ’ಕಾರ ಮತ್ತು ಹೈ-ಹ್ಯಾಟ್ ಎರಡೂ ಅಲ್ಲಿ ಸ್ವರವಿಲ್ಲದ ಸುಯ್ಯೆನ್ನುವ ಸದ್ದುಗಳೇ ಆಗಿರುವುದರಿಂದ ಒಂದರ ತುಣುಕು ಇನ್ನೊಂದರ ಸ್ಟೆಮ್‌ಗೆ ಜಾರುತ್ತದೆ. ಯಾವುದೇ ತಂತ್ರಾಂಶವನ್ನು ಪರೀಕ್ಷಿಸುವಾಗ ನಾನು ಮೊದಲು ಕಿವಿಗೊಡುವುದು ಈ ಎರಡು ಜಾಗಗಳಿಗೆ.

ಮಾದರಿಗಳ ಎರಡು ಕುಲಗಳು

ಹೀಗೆ ತರಬೇತಿ ಪಡೆದ ನ್ಯೂರಲ್ ನೆಟ್‌ವರ್ಕ್‌ಗಳನ್ನೇ ಮಾದರಿಗಳು ಎನ್ನುವುದು. ಸ್ಪೆಕ್ಟ್ರೋಗ್ರಾಂ ನೋಡಿ ಕೆಲಸ ಮಾಡುವ ಮಾದರಿಗಳು ಒಂದು ಕುಲ. 2019ರಲ್ಲಿ ಡೀಜರ್ ಸಂಸ್ಥೆ ಬಿಡುಗಡೆ ಮಾಡಿದ ಸ್ಪ್ಲೀಟರ್ ಮತ್ತು ಅದೇ ವರ್ಷ ಬಂದ ಓಪನ್-ಅನ್‌ಮಿಕ್ಸ್ ಇದಕ್ಕೆ ಸೇರುತ್ತವೆ. ಸ್ಪ್ಲೀಟರ್‌ನ ಒಳಗಿರುವುದು ಯು-ನೆಟ್ ಎಂಬ ನ್ಯೂರಲ್ ನೆಟ್‌ವರ್ಕ್ ರಚನೆ; ಓಪನ್-ಅನ್‌ಮಿಕ್ಸ್‌ನಲ್ಲಿರುವುದು ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ನೋಡುವ ಎಲ್‌ಎಸ್‌ಟಿಎಂ ಎಂಬ ಇನ್ನೊಂದು ರಚನೆ. ಎರಡೂ ಸ್ಪೆಕ್ಟ್ರೋಗ್ರಾಂನ ಪ್ರತಿ ಬಿಂದುವಿನಲ್ಲಿ ಯಾವ ವಾದ್ಯದ ಪಾಲು ಎಷ್ಟು ಎಂದು ಅಂದಾಜು ಮಾಡಿ, ಆ ಪಾಲಿಗೆ ಅನುಗುಣವಾದ ಮುಸುಕನ್ನು ಮೂಲ ಮಿಶ್ರಣದ ಮೇಲೆ ಹಾಕುತ್ತವೆ. ಅಂದಾಜಾಗುವುದು ಪ್ರಬಲತೆ ಮಾತ್ರ. ಫೇಸ್ ಅನ್ನು, ಅಂದರೆ ಅಲೆಯು ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದನ್ನು, ಬಹುಮಟ್ಟಿಗೆ ಮಿಶ್ರಣದಿಂದಲೇ ಎರವಲು ಪಡೆಯಲಾಗುತ್ತದೆ. ಇಂಥ ಸ್ಟೆಮ್‌ಗಳಲ್ಲಿ ನೀರಿನೊಳಗಿನಿಂದ ಬಂದಂತೆ ಕೇಳಿಸುವ, ಗುಳುಗುಳು ಎನ್ನುವ ಅವಶೇಷಗಳಿಗೆ ಇದೇ ಒಂದು ಮುಖ್ಯ ಕಾರಣ. ಸ್ಪ್ಲೀಟರ್‌ನ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅದರ ಮಾದರಿಗಳು 11 ಕಿಲೋಹರ್ಟ್ಜ್‌ವರೆಗಿನ ಭಾಗವನ್ನು ಮಾತ್ರ ವಿಂಗಡಿಸುತ್ತವೆ, ಸೆಟ್ಟಿಂಗ್ ಬದಲಿಸಿದರೆ 16 ಕಿಲೋಹರ್ಟ್ಜ್‌ವರೆಗೆ ಹೋಗಬಹುದು. ಸಿಂಬಲ್‌ನ ಹೊಳಪು ಮಂಕಾಗಿ ಕೇಳಿಸುವುದಕ್ಕೆ ಅನೇಕರು ಮಾದರಿಯ ಬುದ್ಧಿಯನ್ನು ದೂರುತ್ತಾರೆ. ನಿಜವಾದ ಕಾರಣ ಈ ಮಿತಿ.

ಇನ್ನೊಂದು ಕುಲ ಅಲೆಯ ರೂಪವನ್ನೇ ನೇರವಾಗಿ ತೆಗೆದುಕೊಂಡು ಅಲೆಯನ್ನೇ ಹೊರಗೆ ಕೊಡುತ್ತದೆ. ಫೇಸ್‌ಬುಕ್‌ನ ಸಂಶೋಧನಾ ವಿಭಾಗದಿಂದ 2019ರಲ್ಲಿ ಬಂದ ಡೆಮಕ್ಸ್‌ನ ಮೊದಲ ಎರಡು ಆವೃತ್ತಿಗಳು ಹೀಗಿದ್ದವು. ಡ್ರಮ್ಸ್ ಮತ್ತು ಬೇಸ್‌ಗಳಲ್ಲಿ ಈ ದಾರಿ ಚೆನ್ನಾಗಿ ಫಲ ಕೊಟ್ಟಿತು, ಏಕೆಂದರೆ ಏಟಿನ ಮೊನಚನ್ನು ಉಳಿಸಿಕೊಳ್ಳಲು ಕಿಟಕಿಯ ಉದ್ದದ ಕಟ್ಟುಪಾಡು ಇಲ್ಲಿ ಇರುವುದಿಲ್ಲ. 2021ರ ಮೂರನೆಯ ಆವೃತ್ತಿ ಅಲೆ ಮತ್ತು ಸ್ಪೆಕ್ಟ್ರೋಗ್ರಾಂ ಎರಡನ್ನೂ ಜೋಡಿಸಿತು. 2022ರ ನಾಲ್ಕನೆಯ ಆವೃತ್ತಿ ಅವೆರಡರ ನಡುವೆ ಟ್ರಾನ್ಸ್‌ಫಾರ್ಮರ್ ಎಂಬ ಬಗೆಯ ನ್ಯೂರಲ್ ನೆಟ್‌ವರ್ಕ್ ಪದರಗಳನ್ನು ಇರಿಸಿತು. ಆದ್ದರಿಂದ ಕುಲಗಳ ಗಡಿ ಈಗ ಮಸುಕಾಗಿದೆ. ಅದಾದ ಮೇಲೆ 2023ರಲ್ಲಿ ಬೈಟ್‌ಡ್ಯಾನ್ಸ್ ಸಂಶೋಧಕರು ಪ್ರಕಟಿಸಿದ ಬಿಎಸ್-ರೋಫಾರ್ಮರ್ ಮತ್ತೆ ಸ್ಪೆಕ್ಟ್ರೋಗ್ರಾಂ ಕಡೆಗೇ ಹೋಯಿತು, ಆದರೆ ಕಂಪನಾಂಕಗಳನ್ನು ಪಟ್ಟಿಗಳಾಗಿ ವಿಭಾಗಿಸಿ, ಪ್ರತಿ ಪಟ್ಟಿಯನ್ನೂ ಪ್ರತ್ಯೇಕವಾಗಿ ಗ್ರಹಿಸಿ, ಫೇಸ್ ಅನ್ನು ಕೂಡ ತಿದ್ದಬಲ್ಲ ಸಂಕೀರ್ಣ ಸಂಖ್ಯೆಗಳ ಮುಸುಕನ್ನು ಅಂದಾಜು ಮಾಡುವ ಮೂಲಕ ಹಳೆಯ ದೌರ್ಬಲ್ಯವನ್ನು ಬಹುಪಾಲು ದಾಟಿತು. ಗಾಯನವನ್ನು ಬೇರ್ಪಡಿಸುವುದಕ್ಕೆ ಇಂದು ಹೆಚ್ಚಿನವರು ಈ ಮನೆತನದ ಮಾದರಿಗಳನ್ನೇ ನೆಚ್ಚಿಕೊಂಡಿದ್ದಾರೆ.

ಅಲ್ಟಿಮೇಟ್ ವೋಕಲ್ ರಿಮೂವರ್ ಎಂಬುದನ್ನು ಈ ಪಟ್ಟಿಯಲ್ಲಿ ಇವುಗಳ ಪಕ್ಕದಲ್ಲಿ ಇಟ್ಟು ಹೋಲಿಸಬಾರದು. ಅದು ಮಾದರಿಯಲ್ಲ, ಡೆಮಕ್ಸ್, ಎಂಡಿಎಕ್ಸ್-ನೆಟ್ ಮುಂತಾದ ಮಾದರಿಗಳನ್ನು ಕಮಾಂಡ್ ಬರೆಯದೆ ಓಡಿಸಲು ನೆರವಾಗುವ ಉಚಿತ ಹೊರಕವಚ. ಆಪಲ್‌ನ ಸಂಗೀತ ಸಂಕಲನ ತಂತ್ರಾಂಶವಾದ ಲಾಜಿಕ್ ಪ್ರೊನಲ್ಲಿ 2024ರಿಂದ ಇರುವ ಸ್ಟೆಮ್ ಸ್ಪ್ಲಿಟರ್‌ನಂತಹ ಸೌಲಭ್ಯಗಳು ಸಂಕಲನದ ನಡುವೆಯೇ ಕೆಲಸ ಮುಗಿಸುವ ಅನುಕೂಲ ಕೊಡುತ್ತವೆ, ಆದರೆ ಮಾದರಿಯನ್ನು ಬದಲಿಸಿ ನೋಡುವ ಸ್ವಾತಂತ್ರ್ಯ ಅಲ್ಲಿ ಇಲ್ಲ. ಅಭ್ಯಾಸ ಮಾಡುವವರಿಗೆ ಆ ಸ್ವಾತಂತ್ರ್ಯ ಮುಖ್ಯ.

ಅಂಕಗಳನ್ನು ಓದುವ ಬಗೆ

ಹೋಲಿಕೆಯ ಲೇಖನಗಳಲ್ಲೆಲ್ಲ ಎಸ್‌ಡಿಆರ್ ಎಂಬ ಅಳತೆ ಕಾಣಿಸುತ್ತದೆ. ನಿಜವಾದ ಸ್ಟೆಮ್‌ನ ಶಕ್ತಿಯನ್ನು, ತಂತ್ರಾಂಶ ಕೊಟ್ಟ ಸ್ಟೆಮ್‌ನಲ್ಲಿರುವ ದೋಷದ ಶಕ್ತಿಯಿಂದ ಭಾಗಿಸಿ ಡೆಸಿಬೆಲ್‌ನಲ್ಲಿ ಹೇಳಿದರೆ ಅದು ಬರುತ್ತದೆ. 10 ಡೆಸಿಬೆಲ್ ಎಂದರೆ ದೋಷದ ಶಕ್ತಿ ಮೂಲದ ಹತ್ತನೆಯ ಒಂದು ಭಾಗ. 3 ಡೆಸಿಬೆಲ್ ಹೆಚ್ಚಾದರೆ ದೋಷ ಅರ್ಧಕ್ಕೆ ಇಳಿದಂತೆ. ಎಂಯುಎಸ್‌ಡಿಬಿ18 ಎಂಬ, 150 ಹಾಡುಗಳ ಸಂಗ್ರಹದಲ್ಲಿ 100 ಹಾಡುಗಳು ತರಬೇತಿಗೆ, 50 ಪರೀಕ್ಷೆಗೆ ಮೀಸಲು. ಅದರಲ್ಲಿ ನಾಲ್ಕು ಸ್ಟೆಮ್‌ಗಳ ಸರಾಸರಿಯಾಗಿ ಓಪನ್-ಅನ್‌ಮಿಕ್ಸ್ ಸುಮಾರು 5.3, ಸ್ಪ್ಲೀಟರ್ 5.9, ಡೆಮಕ್ಸ್‌ನ ಎರಡನೆಯ ಆವೃತ್ತಿ 6.3, ಮೂರನೆಯದು 7.7, ನಾಲ್ಕನೆಯದು 9.0 ಡೆಸಿಬೆಲ್ ಪಡೆದಿವೆ, ಬಿಎಸ್-ರೋಫಾರ್ಮರ್ 9.8.

ಈ ಸಾಲನ್ನು ಓದಿ ಒಂದರ ರಚನೆ ಇನ್ನೊಂದಕ್ಕಿಂತ ಮೇಲು ಎಂದು ತೀರ್ಮಾನಿಸುವ ಮುನ್ನ ತರಬೇತಿಯ ಸಾಮಗ್ರಿಯನ್ನು ನೋಡಬೇಕು. ಸ್ಪ್ಲೀಟರ್ ತನ್ನ ಸಂಸ್ಥೆಯ ಖಾಸಗಿ ಸಂಗ್ರಹದಿಂದ ಕಲಿತದ್ದು. ಡೆಮಕ್ಸ್‌ನ ನಾಲ್ಕನೆಯ ಆವೃತ್ತಿ 9.0 ತಲುಪಿದ್ದು 800 ಹೆಚ್ಚುವರಿ ಹಾಡುಗಳ ಬಲದಿಂದ. ಆ ಹೆಚ್ಚುವರಿ ಹಾಡುಗಳಿಲ್ಲದೆ, ಎಂಯುಎಸ್‌ಡಿಬಿಯ ಹಾಡುಗಳನ್ನಷ್ಟೇ ಕೊಟ್ಟು ಕಲಿಸಿದಾಗ ಅದರ ಸಾಧನೆ ಸಪ್ಪೆಯಾಗಿಯೇ ಇತ್ತೆಂದು ಅದನ್ನು ರೂಪಿಸಿದವರೇ ಬರೆದಿದ್ದಾರೆ. 9.8ರ ಅಂಕವಾದರೋ ಹೆಚ್ಚುವರಿ ಹಾಡುಗಳಿಲ್ಲದೆ ಬಂದದ್ದು, ಆದ್ದರಿಂದಲೇ ಅದರ ತೂಕ ದೊಡ್ಡದು. ಇನ್ನು ಸರಾಸರಿಯು ಬಹಳಷ್ಟನ್ನು ಮುಚ್ಚಿಡುತ್ತದೆ: ಡ್ರಮ್ಸ್ ಮತ್ತು ಬೇಸ್‌ಗಳ ಅಂಕ ಈಗಿನ ಮಾದರಿಗಳಲ್ಲಿ ಮೇಲಿರುತ್ತದೆ, ‘ಇತರೆ’ ಎಂಬ ಸ್ಟೆಮ್ ಬಹುತೇಕ ಯಾವಾಗಲೂ ಕೆಳಗಿರುತ್ತದೆ. 0.3 ಡೆಸಿಬೆಲ್ ಅಂತರ ಎಂದರೆ ದೋಷದ ಶಕ್ತಿಯಲ್ಲಿ ಶೇಕಡಾ 7ರಷ್ಟು ವ್ಯತ್ಯಾಸ ಮಾತ್ರ. ಹಾಡು ಬದಲಾದರೆ ಆಗುವ ಏರುಪೇರು ಇದಕ್ಕಿಂತ ಎಷ್ಟೋ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾಗಿ, ಎಸ್‌ಡಿಆರ್ ದೋಷದ ಪ್ರಮಾಣವನ್ನು ಹೇಳುತ್ತದೆಯೇ ಹೊರತು ದೋಷದ ಬಗೆಯನ್ನು ಹೇಳುವುದಿಲ್ಲ. ಗಾಯನದ ಸ್ಟೆಮ್‌ನಲ್ಲಿ ಗಿಟಾರ್ ಸಣ್ಣಗೆ ಸೋರುವುದೂ ಗಾಯಕರ ಉಸಿರು ಕತ್ತರಿಸಿಹೋಗುವುದೂ ಒಂದೇ ಅಂಕ ಕೊಡಬಹುದು. ಹಾಡಿನ ಸ್ವರಲಿಪಿ ಬರೆದುಕೊಳ್ಳುವವರಿಗೆ ಮೊದಲನೆಯದು ಲೆಕ್ಕಕ್ಕಿಲ್ಲ. ಗಾಯನಕ್ಕೆ ಹೊಸ ಹಿನ್ನೆಲೆ ಕಟ್ಟುವವರಿಗೆ ಅದೇ ದೊಡ್ಡ ಕಿರಿಕಿರಿ.

ಈ ಅಳತೆಗೆ ನಿಜವಾದ ಸ್ಟೆಮ್ ಬೇಕಾದ್ದರಿಂದ, ಮಿಶ್ರಣ ಮಾತ್ರ ಕೈಯಲ್ಲಿರುವ ಹಾಡಿಗೆ ಅದನ್ನು ಲೆಕ್ಕ ಹಾಕಲಾಗದು. ಅದಕ್ಕೆ ಬದಲಾಗಿ ಹಲವರು ಎಲ್ಲ ಸ್ಟೆಮ್‌ಗಳನ್ನು ಕೂಡಿಸಿ, ಮೊತ್ತವನ್ನು ತಲೆಕೆಳಗು ಮಾಡಿ ಮೂಲದೊಂದಿಗೆ ಸೇರಿಸಿ, ಮೌನ ಉಳಿದರೆ ಬೇರ್ಪಡಿಕೆ ಸರಿಯಾಗಿದೆ ಎಂದು ನಂಬುತ್ತಾರೆ. ಈ ನಂಬಿಕೆಯನ್ನು ಬಿಡಬೇಕೆಂದು ಸಹ ಅಭ್ಯಾಸಿಗಳಲ್ಲಿ ನನ್ನ ಒತ್ತಾಯದ ಕೋರಿಕೆ. ಪ್ರತಿ ಸ್ಟೆಮ್‌ಗೂ ಮಿಶ್ರಣದ ಕಾಲು ಭಾಗವನ್ನೇ ತುಂಬಿಕೊಟ್ಟರೂ ಮೊತ್ತ ಮೂಲಕ್ಕೆ ಸಮನಾಗುತ್ತದೆ, ಬೇರ್ಪಡಿಕೆ ಮಾತ್ರ ಶೂನ್ಯ. ಮೂಲದಿಂದ ಗಾಯನವನ್ನು ಕಳೆದು ಹಿನ್ನೆಲೆಯನ್ನು ತಯಾರಿಸುವ ಕ್ರಮದಲ್ಲಂತೂ ಮೌನ ಬರುವುದು ಲೆಕ್ಕದ ಸಹಜ ಫಲ. ಈ ಪರೀಕ್ಷೆ ಏನಾದರೂ ಕಳೆದುಹೋಗಿದೆಯೇ ಎಂದು ತಿಳಿಸುತ್ತದೆ: 11 ಕಿಲೋಹರ್ಟ್ಜ್ ಮಿತಿಯಲ್ಲಿ ಓಡಿಸಿದ ಸ್ಪ್ಲೀಟರ್‌ನ ಸ್ಟೆಮ್‌ಗಳ ಮೇಲೆ ಮಾಡಿದರೆ ಉಳಿಯುವುದು ಮೌನವಲ್ಲ, ಮೇಲ್ತುದಿಯ ತೆಳುವಾದ ಸುಯ್ಲು. ನಿಜವಾದ ಗುಣಮಟ್ಟ ತಿಳಿಯಬೇಕಾದರೆ ಬಿಡಿ ಟ್ರ್ಯಾಕ್‌ಗಳು ಕೈಯಲ್ಲಿರುವ ಧ್ವನಿಮುದ್ರಣವೊಂದನ್ನು ತಾವೇ ಮಿಶ್ರಣ ಮಾಡಿ, ಅದನ್ನು ಬೇರ್ಪಡಿಸಿ, ಮೂಲದ ಪಕ್ಕದಲ್ಲಿ ಇಟ್ಟು ಕೇಳುವುದೇ ದಾರಿ. ಗಾಯನವಿಲ್ಲದ ಭಾಗದಲ್ಲಿ ಗಾಯನದ ಸ್ಟೆಮ್ ಅನ್ನು ಮಾತ್ರ ಜೋರಾಗಿ ಕೇಳಿದರೆ ಸೋರಿಕೆ ತಾನಾಗಿಯೇ ಬಯಲಾಗುತ್ತದೆ.

ಬುಟ್ಟಿಗಳ ಪ್ರಶ್ನೆ

ಮಾದರಿಯು ತರಬೇತಿಯಲ್ಲಿ ಎಷ್ಟು ಬುಟ್ಟಿಗಳನ್ನು ಕಂಡಿದೆಯೋ ಅಷ್ಟಕ್ಕೇ ವಿಂಗಡಿಸುತ್ತದೆ. ಗಾಯನ, ಡ್ರಮ್ಸ್, ಬೇಸ್, ಇತರೆ ಎಂಬ ನಾಲ್ಕರ ವಿಂಗಡಣೆ ಎಂಯುಎಸ್‌ಡಿಬಿಯಿಂದ ಬಂದದ್ದು. ಪಿಟೀಲು, ಕೊಳಲು, ಗಿಟಾರ್, ಕೀಬೋರ್ಡ್ ಎಲ್ಲವೂ ‘ಇತರೆ’ಗೆ ಬೀಳುತ್ತವೆ. ಎಳೆದು ನುಡಿಸಿದ ಪಿಟೀಲಿನ ಕಂಪಿತ ಸ್ವರ ಕೆಲವೊಮ್ಮೆ ಗಾಯನದ ಬುಟ್ಟಿಗೆ ಹೋಗುವುದು ಆಶ್ಚರ್ಯದ ಮಾತಲ್ಲ, ಏಕೆಂದರೆ ಜಾರುವ ಸ್ವರ ಮತ್ತು ಸಂವಾದಿಗಳ ಜೋಡಣೆಯಲ್ಲಿ ಅದು ಧ್ವನಿಯನ್ನೇ ಹೋಲುತ್ತದೆ. ಸ್ಪ್ಲೀಟರ್‌ನ ಐದು ಸ್ಟೆಮ್‌ಗಳ ಮಾದರಿ ಪಿಯಾನೊವನ್ನು ಸೇರಿಸುತ್ತದೆ. ಡೆಮಕ್ಸ್‌ನ ಆರು ಸ್ಟೆಮ್‌ಗಳ ಪ್ರಾಯೋಗಿಕ ಮಾದರಿ ಗಿಟಾರ್ ಮತ್ತು ಪಿಯಾನೊ ಎರಡನ್ನೂ ಕೊಡುತ್ತದೆ, ಆದರೆ ಅದರ ಪಿಯಾನೊ ಚೆನ್ನಾಗಿಲ್ಲವೆಂದು ರೂಪಿಸಿದವರೇ ಎಚ್ಚರಿಸಿದ್ದಾರೆ. ಬುಟ್ಟಿ ಹೆಚ್ಚಿದಷ್ಟೂ ಒಳ್ಳೆಯದೆಂದು ಭಾವಿಸಬೇಡಿ. ಪಿಯಾನೊ ಬೇಕಿಲ್ಲದಿದ್ದರೆ ನಾಲ್ಕರ ಮಾದರಿಯೇ ಸ್ವಚ್ಛವಾದ ಫಲ ಕೊಡುತ್ತದೆ.

ಹೊಸದಾಗಿ ಆರಂಭಿಸುವವರಿಗೆ ಡೆಮಕ್ಸ್‌ನ ನಾಲ್ಕನೆಯ ಆವೃತ್ತಿಯನ್ನು ಆಧಾರವಾಗಿ ಇಟ್ಟುಕೊಳ್ಳಲು ಹೇಳುತ್ತೇನೆ. ಗಾಯನವೇ ಮುಖ್ಯವಾದಾಗ ರೋಫಾರ್ಮರ್ ಮನೆತನದ ಮಾದರಿಯನ್ನು, ನೂರಾರು ಹಾಡುಗಳನ್ನು ಬೇಗನೆ ಜಾಲಾಡಬೇಕಾದಾಗ ವೇಗಕ್ಕೆ ಹೆಸರಾದ ಸ್ಪ್ಲೀಟರ್ ಅನ್ನು ಬಳಸಬಹುದು. ಒಳಗಿನ ಕೋಡ್ ಓದಿ ಕಲಿಯಬೇಕೆನ್ನುವವರಿಗೆ ಓಪನ್-ಅನ್‌ಮಿಕ್ಸ್‌ನಷ್ಟು ತಿಳಿಯಾದದ್ದು ಇನ್ನೊಂದಿಲ್ಲ. ಡೆಮಕ್ಸ್‌ನಲ್ಲಿ ಪ್ರತಿ ಸ್ಟೆಮ್‌ಗೂ ಪ್ರತ್ಯೇಕವಾಗಿ ಪಳಗಿಸಿದ ಮಾದರಿಯೂ ಇದೆ. ಅದು ನಾಲ್ಕು ಪಟ್ಟು ಸಮಯ ತೆಗೆದುಕೊಳ್ಳುತ್ತದೆ, ಲಾಭ ಅಲ್ಪ. ಹೋಲಿಕೆ ಮಾಡುವಾಗ ಎಂಪಿ3 ಬಿಟ್ಟು ಸಂಕುಚಿಸದ ವೇವ್ ಕಡತವನ್ನೇ ಎಲ್ಲಕ್ಕೂ ಕೊಡಬೇಕು, ಏಕೆಂದರೆ ಎಂಪಿ3 ಆರಂಭದಲ್ಲಿ ಸೇರಿಸುವ ಅತಿ ಸಣ್ಣ ವಿಳಂಬವೂ ಕಳೆಯುವ ಲೆಕ್ಕವನ್ನು ಕೆಡಿಸುತ್ತದೆ. ಡೆಮಕ್ಸ್ ತನ್ನ ಮೂಲ ಸೆಟ್ಟಿಂಗ್‌ನಲ್ಲಿ ಮಿತಿ ಮೀರುವ ಸ್ಟೆಮ್‌ನ ಪ್ರಬಲತೆಯನ್ನು ತಾನೇ ತಗ್ಗಿಸುವುದರಿಂದ ಸ್ಟೆಮ್‌ಗಳ ಪರಸ್ಪರ ಪ್ರಮಾಣ ಬದಲಾಗಬಹುದು. ಕಡತದ ಪ್ರಬಲತೆಯನ್ನು ಮೊದಲೇ ಸ್ವಲ್ಪ ಇಳಿಸಿಕೊಂಡರೆ ಈ ತೊಡಕನ್ನು ತಪ್ಪಿಸಬಹುದು. ಕೇಳುವ ಮುನ್ನ ಎಲ್ಲ ತಂತ್ರಾಂಶಗಳ ಸ್ಟೆಮ್‌ಗಳ ಪ್ರಬಲತೆಯನ್ನು ಸರಿಸಮ ಮಾಡಿಕೊಳ್ಳಬೇಕು. ತುಸು ಜೋರಾಗಿರುವುದನ್ನೇ ಕಿವಿ ಉತ್ತಮವೆಂದು ಆರಿಸಿಬಿಡುತ್ತದೆ.