ಶಿರೀನ್: ಹಾಲಿನಿಂದ ಹುಟ್ಟಿದ ಹೆಸರು

ಇರಾನಿನ ಪಡುವಣ ಗಡಿಯ ಕಡೆಗೆ, ಕೆರ್ಮಾನ್‌ಶಾಹ್ ನಗರದಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ ಬಿಸೋತೂನ್ ಎಂಬ ಬೆಟ್ಟವಿದೆ. ಕ್ರಿಸ್ತಪೂರ್ವ 520ರ ಹೊತ್ತಿಗೆ ಚಕ್ರವರ್ತಿ ದಾರಿಯಸ್ ಮೂರು ಭಾಷೆಗಳಲ್ಲಿ ಕೊರೆಸಿದ ಹೆಸರಾಂತ ಶಾಸನ ಇರುವುದು ಈ ಬೆಟ್ಟದಲ್ಲೇ. ಯುನೆಸ್ಕೋ 2006ರಲ್ಲಿ ಇದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. ಆದರೆ ಅದೇ ಬೆಟ್ಟದಲ್ಲಿ ಒಂದಕ್ಷರವೂ ಇಲ್ಲದ ಇನ್ನೊಂದು ಬಂಡೆಗೋಡೆಯಿದೆ. ಅಗಲ ಸುಮಾರು 200 ಮೀಟರ್. ಉಳಿ ಆಡಿದ ಗುರುತುಗಳಿವೆ, ಏನು ಕೆತ್ತಬೇಕೆಂದಿದ್ದರೋ ಅದು ಮಾತ್ರ ಇಲ್ಲ. ಸಾಸಾನಿ ದೊರೆಗಳ ಕಾಲದಲ್ಲಿ ಹಿಡಿದು ಅರ್ಧಕ್ಕೆ ಬಿಟ್ಟ ಕೆಲಸ ಅದು ಎನ್ನುತ್ತಾರೆ ಪುರಾತತ್ವ ತಿಳಿದವರು. ಸುತ್ತಲಿನ ಜನರ ಬಾಯಲ್ಲಿ ಅದರ ಹೆಸರು ‘ಫರ್ಹಾದ್ ತರಾಶ್’, ಎಂದರೆ ಫರ್ಹಾದ್ ಕಡಿದದ್ದು. ಯಾರಿಗಾಗಿ ಕಡಿದ ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತು. ಶಿರೀನಳಿಗಾಗಿ.

ಹೆಸರಿನ ಅರ್ಥ ಸರಳ. ಫಾರ್ಸಿಯಲ್ಲಿ ‘ಶಿರೀನ್’ ಎಂದರೆ ಸಿಹಿ. ಅದು ನಿಘಂಟಿನಿಂದ ಹೆಕ್ಕಿ ತಂದ ಪದವಲ್ಲ, ದಿನವೂ ನಾಲಿಗೆಯ ಮೇಲಿರುವ ಪದ. ಸಕ್ಕರೆ ಹಾಕಿದ ಚಹಾ ‘ಚಾಯ್ ಶಿರೀನ್’. ಕುಡಿಯಲು ಬರುವ ಸಿಹಿನೀರು ‘ಆಬೆ ಶಿರೀನ್’. ಮಿಠಾಯಿ ‘ಶಿರೀನಿ’. ಮದುವೆ ನಿಶ್ಚಯವಾದಾಗ ಎರಡು ಮನೆಯವರೂ ಸೇರಿ ಸಿಹಿ ತಿನ್ನುವ ಶಾಸ್ತ್ರ ‘ಶಿರೀನಿ ಖೋರಾನ್’. ಇವೆಲ್ಲಕ್ಕಿಂತ ನನಗೆ ಹಿಡಿಸುವುದು ‘ಜಾನೆ ಶಿರೀನ್’, ಸಿಹಿಯಾದ ಜೀವ. ಕಾಳು ಹೊತ್ತು ಹೋಗುವ ಇರುವೆಯನ್ನು ನೋಯಿಸಬೇಡ, ಅದಕ್ಕೂ ಜೀವವಿದೆ, ಸಿಹಿ ಜೀವ ಯಾರಿಗಾದರೂ ಪ್ರಿಯವೇ ಎಂದು ಫಾರ್ಸಿಯ ಮಹಾಕವಿ ಫಿರ್ದೌಸಿ ಹಾಡಿದ್ದ. ಎರಡು ಶತಮಾನಗಳ ಮೇಲೆ ಇನ್ನೊಬ್ಬ ಕವಿ ಸಾದಿ ಆ ಸಾಲನ್ನು ಎತ್ತಿ ಹೇಳಿದ. ಇಂದಿಗೂ ಇರಾನಿನ ಮಕ್ಕಳ ಬಾಯಲ್ಲಿ ಅದು ಇದೆ.

ಪದದ ಬೇರಿಗೆ ಇಳಿದರೆ ನಮ್ಮ ಅಂಗಳಕ್ಕೇ ಬಂದು ನಿಲ್ಲುತ್ತೇವೆ. ‘ಶೀರ್’ ಎಂದರೆ ಹಾಲು. ಅದಕ್ಕೆ ‘ಈನ್’ ಎಂಬ ಪ್ರತ್ಯಯ ಸೇರಿ ‘ಹಾಲಿನದು, ಹಾಲಿನಂಥದು’ ಎಂಬ ಅರ್ಥ ಮೊದಲು, ‘ಸಿಹಿ’ ಎಂಬ ಅರ್ಥ ಆಮೇಲೆ. ಈ ಶೀರ್ ಮತ್ತು ಸಂಸ್ಕೃತದ ಕ್ಷೀರ ಒಂದೇ ತಾಯಿಬೇರಿನ ಮಕ್ಕಳು. ರಂಜಾನ್ ಹಬ್ಬಕ್ಕೆ ನೆರೆಮನೆಯಿಂದ ಬರುವ ಬಟ್ಟಲಿನ ಶೀರ್ ಖುರ್ಮಾದಲ್ಲಿ ಇರುವುದೂ ಇದೇ ಶೀರ್: ಹಾಲು ಮತ್ತು ಖರ್ಜೂರ. ಕನ್ನಡಕ್ಕೂ ತನ್ನದೇ ದಾರಿಯಿದೆ. ‘ಇನಿ’ ಎಂದರೆ ಸಿಹಿ. ಅದರಿಂದ ಇನಿಯ, ಇನಿದನಿ, ಈಗ ಹೆಣ್ಣುಮಕ್ಕಳಿಗೆ ಮೆಚ್ಚಿ ಇಡುವ ಇಂಚರ. ರುಚಿಯ ಮಾತು ಒಲವಿನ ಮಾತಾಗುವುದು ಎರಡೂ ನುಡಿಗಳಲ್ಲಿ ಒಂದೇ ಬಗೆ.

ಇನ್ನೊಂದು ಸಂಗತಿ, ಮುಂದೆ ಬೇಕಾಗುತ್ತದೆ. ಹಳೆಯ ಫಾರ್ಸಿಯಲ್ಲಿ ‘ಶೀರ್’ ಹಾಲು, ‘ಶೇರ್’ ಸಿಂಹ. ನಮ್ಮ ಕಡೆ ಈ ವ್ಯತ್ಯಾಸ ಉಳಿದಿದೆ. ಇಂದಿನ ಇರಾನಿನಲ್ಲಿ ಎರಡೂ ಬೆರೆತು ‘ಶೀರ್’ ಆಗಿವೆ, ಹಾಲೋ ಸಿಂಹವೋ ಎಂಬುದು ಮಾತಿನ ಸಂದರ್ಭದಿಂದಲೇ ತಿಳಿಯಬೇಕು.

ಇನ್ನು ಹೆಸರಿನ ಇತಿಹಾಸ. ಪರ್ಷಿಯಾದ ಹೆಸರು ಎಂದೊಡನೆ ಅಗ್ನಿಪೂಜಕರ ನೆನಪೋ ಮುಸ್ಲಿಮರ ನೆನಪೋ ಬರುತ್ತದೆ. ಆದರೆ ದಾಖಲೆಗಳಲ್ಲಿ ಮೊದಮೊದಲು ಎದುರಾಗುವ ಶಿರೀನ್‌ಗಳು ಕ್ರೈಸ್ತರು. 559ರಲ್ಲಿ ಪ್ರಾಣ ತೆತ್ತ ಒಬ್ಬ ಶಿರೀನ್ ಇದ್ದಳು. ಇಂದಿನ ಇರಾಕಿನ ಕಿರ್ಕುಕ್ ಊರಿನವಳು, ಜರಥುಷ್ಟ್ರನ ಮತದಲ್ಲಿ ಹುಟ್ಟಿ ಕ್ರೈಸ್ತಳಾದ ಕಾರಣಕ್ಕೆ ಮರಣದಂಡನೆಗೆ ಗುರಿಯಾದವಳು. ಮುಂದಿನ ಶತಮಾನದಲ್ಲಿ ಸಹ್ದೋನಾ ಎಂಬ, ಸಿರಿಯಾಕ್ ನುಡಿಯಲ್ಲಿ ಬರೆದ ಕ್ರೈಸ್ತ ಸನ್ಯಾಸಿ ತಾನು ಬಾಲ್ಯದಲ್ಲಿ ಕಂಡ ಮುದಿ ತಪಸ್ವಿನಿಯೊಬ್ಬಳನ್ನು ಭಕ್ತಿಯಿಂದ ನೆನೆಯುತ್ತಾನೆ. ಅವಳ ಹೆಸರೂ ಶಿರೀನ್.

ಈ ಇಬ್ಬರ ನಡುವೆ ಬರುವವಳೇ ಮಹಾರಾಣಿ ಶಿರೀನ್. ಅವಳ ಗಂಡ ಪರ್ಷಿಯಾದ ಸಾಸಾನಿ ದೊರೆ ಎರಡನೆಯ ಖುಸ್ರೋ, ‘ಪರ್ವೇಜ್’ ಎಂಬ ಬಿರುದಿನವನು. ಪಟ್ಟಕ್ಕೆ ಬಂದದ್ದು 590ರಲ್ಲಿ. ಬಂದೊಡನೆ ಸೇನಾಪತಿ ಬಹ್ರಾಮ್ ಚೋಬೀನನ ದಂಗೆಗೆ ಬೆದರಿ ಬೈಜಾಂಟಿಯಮ್ಮಿನ ಸಾಮ್ರಾಟ ಮೌರಿಸನ ಆಸರೆಗೆ ಓಡಿದ, ಮರುವರ್ಷ ಅವನ ಸೇನೆಯ ಬಲದಿಂದ ಮರಳಿ ಬಂದ. ಶಿರೀನಳ ಮೊದಲ ಗಟ್ಟಿ ಸುಳಿವು ಸಿಗುವುದು ಅದಾದ ಕೆಲವೇ ವರ್ಷಗಳಲ್ಲಿ. ಇಂದಿನ ಸಿರಿಯಾದ ರುಸಾಫಾದಲ್ಲಿ ಸಂತ ಸರ್ಜಿಯಸನ ಗುಡಿಯಿತ್ತು. ಶಿರೀನ್ ಗರ್ಭಿಣಿಯಾಗಲೆಂದು ಖುಸ್ರೋ ಅಲ್ಲಿಗೆ ಹರಕೆ ಹೊತ್ತ, ಹರಕೆ ಫಲಿಸಿದ ಮೇಲೆ ಕಾಣಿಕೆ ಕಳಿಸಿದ. ಕಾಣಿಕೆಯ ಜೊತೆಗಿದ್ದ ಬರಹವನ್ನು ಗ್ರೀಕ್ ಇತಿಹಾಸಕಾರರು ಉಳಿಸಿಕೊಟ್ಟಿದ್ದಾರೆ. ಕ್ರೈಸ್ತ ಹೆಣ್ಣನ್ನು ಮದುವೆಯಾಗಲು ನಮ್ಮ ಕಟ್ಟಳೆ ಬಿಡುವುದಿಲ್ಲ, ಆದರೂ ಆದೆ ಎಂದು ದೊರೆ ಅದರಲ್ಲಿ ತಾನೇ ಒಪ್ಪಿಕೊಳ್ಳುತ್ತಾನೆ. ಇಷ್ಟು ದೊಡ್ಡ ಸಾಮ್ರಾಜ್ಯದ ಒಡೆಯ ಪರಧರ್ಮದ ಸಂತನ ಮುಂದೆ ಮಗುವಿಗಾಗಿ ಬೇಡಿಕೊಂಡ ಆ ಸಾಲುಗಳು, ಮುಂದೆ ಬಂದ ಎಲ್ಲ ಪ್ರೇಮಕಾವ್ಯಗಳಿಗಿಂತ ಹೆಚ್ಚು ಮನಸ್ಸಿಗೆ ತಾಗುತ್ತವೆ.

ಆರ್ಮೇನಿಯನ್ ಚರಿತ್ರೆಯೊಂದು ಅವಳನ್ನು ಖೂಜಿಸ್ತಾನದವಳು ಎನ್ನುತ್ತದೆ, ಅರಮನೆಯ ಬಳಿ ಮಠವನ್ನೂ ಇಗರ್ಜಿಯನ್ನೂ ಕಟ್ಟಿಸಿದಳೆಂದು ಹೇಳುತ್ತದೆ. ಸಿರಿಯಾಕ್ ಬರಹಗಳಲ್ಲಿ ಅವಳು ಆಸ್ಥಾನ ವೈದ್ಯ ಗೇಬ್ರಿಯಲನೊಡನೆ ಸೇರಿ ತನ್ನ ಪಂಥದವರ ಬೆನ್ನಿಗೆ ನಿಂತವಳು. ತನ್ನ ಮಗ ಮರ್ದಾನ್‌ಶಾಹ್ ಪಟ್ಟವೇರಬೇಕೆಂಬ ಆಸೆ ಅವಳದು. 628ರಲ್ಲಿ ಎಲ್ಲವೂ ತಲೆಕೆಳಗಾಯಿತು. ಖುಸ್ರೋನ ಇನ್ನೊಬ್ಬ ಮಗ ಶೇರೋಯ್ ದಂಗೆಯೆದ್ದು ತಮ್ಮಂದಿರನ್ನು ಕೊಲ್ಲಿಸಿದ, ತಂದೆಯನ್ನೂ ಉಳಿಸಲಿಲ್ಲ. ಶೇರೋಯ್ ಎಂಬ ಹೆಸರು ಬಂದದ್ದು ‘ಶೇರ್’ ಎಂಬ ಸಿಂಹದಿಂದ, ಶಿರೀನ್ ಬಂದದ್ದು ಹಾಲಿನಿಂದ. ಇಂದಿನ ಇರಾನಿಯರ ಉಚ್ಚಾರದಲ್ಲಿ ಈ ಇಬ್ಬರ ಹೆಸರೂ ಒಂದೇ ಶಬ್ದದಿಂದ ಶುರುವಾಗುತ್ತದೆ.

ಮುಂದಿನ ನಾಲ್ಕು ಶತಮಾನಗಳಲ್ಲಿ ರಾಣಿ ಕಥೆಯಾದಳು. 1010ರಲ್ಲಿ ಮುಗಿದ ಫಿರ್ದೌಸಿಯ, ದೊರೆಗಳ ಕಥೆ ಹೇಳುವ ಮಹಾಕಾವ್ಯ ಶಾಹನಾಮೆಯಲ್ಲಿ ಅವಳು ಸವತಿಗೆ ವಿಷವಿಕ್ಕಿದವಳೂ ಹೌದು, ಗಂಡ ಸತ್ತ ಮೇಲೆ ತುಂಬಿದ ಸಭೆಯಲ್ಲಿ ಮುಸುಕು ಸರಿಸಿ ತನ್ನ ಮಾನವನ್ನು ತಾನೇ ವಾದಿಸಿ ಗೆದ್ದವಳೂ ಹೌದು. ಮದುವೆಯಾಗು ಎಂದು ಪೀಡಿಸುವ ಶೇರೋಯ್‌ಗೆ ಷರತ್ತು ಹಾಕಿ ತನ್ನ ಆಸ್ತಿ ಹಿಂಪಡೆಯುತ್ತಾಳೆ, ಆಳುಗಳಿಗೆ ಬಿಡುಗಡೆ ಕೊಡುತ್ತಾಳೆ, ಬಡವರಿಗೆ ದಾನ ಮಾಡುತ್ತಾಳೆ. ಕೊನೆಗೆ ಖುಸ್ರೋನ ಗೋರಿಯೊಳಗೆ ಹೋಗಿ ವಿಷ ಕುಡಿಯುತ್ತಾಳೆ. ಫರ್ಹಾದನ ಸುದ್ದಿಯೇ ಅಲ್ಲಿ ಇಲ್ಲ.

ಅವನನ್ನು ಕಥೆಯ ನಡುಮನೆಗೆ ತಂದು ಕೂರಿಸಿದವನು ನಿಜಾಮಿ. ಇಂದಿನ ಅಜರ್‌ಬೈಜಾನಿನ ಗಂಜಾ ಊರಿನ ಈ ಕವಿ 1180ರ ಆಸುಪಾಸಿನಲ್ಲಿ ‘ಖುಸ್ರೋ ಮತ್ತು ಶಿರೀನ್’ ಬರೆದ. ಅವನ ಶಿರೀನ್ ಆರ್ಮೇನಿಯಾದ ರಾಜಕುಮಾರಿ, ಆಳುವ ರಾಣಿ ಮಹೀನ್ ಬಾನುವಿನ ಅಣ್ಣನ ಮಗಳು. ಚಿತ್ರದಲ್ಲಿ ಕಂಡ ಖುಸ್ರೋನಿಗೆ ಮನಸೋತು ಕುದುರೆಯೇರಿ ಒಬ್ಬಳೇ ಹೊರಡುತ್ತಾಳೆ. ಆದರೆ ಮದುವೆಯಿಲ್ಲದೆ ಅವನ ಕೈಗೆ ಸಿಗುವುದಿಲ್ಲ. ಕುಡಿದು ಬಾಗಿಲಿಗೆ ಬಂದ ಚಕ್ರವರ್ತಿಯನ್ನು ಹೊರಗೇ ನಿಲ್ಲಿಸಿ ಮಹಡಿಯ ಮೇಲಿನಿಂದ ಮಾತಾಡುತ್ತಾಳೆ. ಖುಸ್ರೋ ಸಿಟ್ಟಿನಿಂದ ಇಸ್ಫಹಾನಿನ ಒಬ್ಬ ಚೆಲುವೆಯನ್ನು ಹುಡುಕಿ ಹೋಗುತ್ತಾನೆ. ಅವಳ ಹೆಸರು ಶಕರ್, ಸಕ್ಕರೆ. ಸಕ್ಕರೆ ದಕ್ಕಿದರೂ ಸಿಹಿಯ ಹಂಬಲ ತೀರುವುದಿಲ್ಲ. ಹೆಸರನ್ನೇ ಕಥೆಯ ತಿರುವಾಗಿಸಿದ ಇಂಥ ಜಾಣ್ಮೆ ನಿಜಾಮಿಯದು.

ಇನ್ನು ಫರ್ಹಾದ್. ಶಿರೀನಳ ಕಲ್ಲಿನ ಕೋಟೆ ಹುಲ್ಲುಗಾವಲಿನಿಂದ ಬಹಳ ದೂರ, ಅವಳಿಗೋ ಹಾಲೇ ಆಹಾರ. ಶಿಲ್ಪಿ ಫರ್ಹಾದ್ ಬಂಡೆ ಕೊರೆದು, ಮಂದೆ ಮೇಯುವಲ್ಲಿಂದ ಅವಳ ಬಾಗಿಲವರೆಗೆ ಹಾಲು ಹರಿದು ಬರುವ ಕಾಲುವೆ ಮಾಡಿಕೊಡುತ್ತಾನೆ. ಶೀರ್ ಎಂಬ ಮೂಲವನ್ನು ಹೆಸರಿನಲ್ಲೇ ಹೊತ್ತವಳ ಮನೆಗೆ ಹಾಲಿನ ಹೊಳೆ! ಅವನ ಒಲವಿನ ಸುದ್ದಿ ಖುಸ್ರೋನ ಕಿವಿಗೆ ಬೀಳುತ್ತದೆ. ಬಿಸೋತೂನ್ ಬೆಟ್ಟವನ್ನು ಕಡಿದು ದಾರಿ ಮಾಡು, ಶಿರೀನಳನ್ನು ಬಿಟ್ಟುಕೊಡುತ್ತೇನೆ ಎಂದು ದೊರೆ ಪಣ ಒಡ್ಡುತ್ತಾನೆ. ಕೆಲಸ ಮುಗಿಯುವ ಹಾಗೆ ಕಂಡಾಗ ಶಿರೀನ್ ಸತ್ತಳೆಂಬ ಸುಳ್ಳನ್ನು ಕಳಿಸುತ್ತಾನೆ. ಫರ್ಹಾದ್ ಅಲ್ಲೇ ಬಿದ್ದು ಪ್ರಾಣ ಬಿಡುತ್ತಾನೆ. ಕಾವ್ಯದ ಕೊನೆಗೆ ಶಿರೀನಳೂ ಗಂಡನ ಶವದ ಪಕ್ಕದಲ್ಲಿ ತನ್ನನ್ನು ತಾನೇ ಇರಿದುಕೊಳ್ಳುತ್ತಾಳೆ. ಆ ಸಾವನ್ನು ಬರೆದ ನಿಜಾಮಿ ತಟ್ಟನೆ ತನ್ನ ಕಡೆಗೆ ಹೊರಳಿ, ತೀರಿಕೊಂಡ ಹೆಂಡತಿ ಆಫಾಕಳನ್ನು ನೆನೆದು ಅಳುತ್ತಾನೆ. ಅವಳು ದರ್ಬಂದಿನ ದೊರೆ ಅವನಿಗೆ ಕಾಣಿಕೆಯಾಗಿ ಕಳಿಸಿದ್ದ ಕಿಪ್ಚಾಕ್ ಎಂಬ ತುರ್ಕಿ ಬುಡಕಟ್ಟಿನ ದಾಸಿ. ಕವಿ ಅವಳನ್ನು ಮದುವೆಯಾಗಿದ್ದ.

ಇಷ್ಟು ದುಃಖ ಹೊತ್ತ ಹೆಸರನ್ನು ತಾಯಿತಂದೆಯರು ಮಗಳಿಗೆ ಹೇಗೆ ಇಟ್ಟರು? ನನಗೆ ತೋಚುವ ಉತ್ತರ ಇಷ್ಟು. ನಿಜಾಮಿಯ ಶಿರೀನ್ ಮರುಕ ಹುಟ್ಟಿಸುವವಳಲ್ಲ, ಮಾತು ಕಾಯ್ದುಕೊಂಡವಳು, ಬಾಗಿಲು ಮುಚ್ಚಲು ಬಲ್ಲವಳು. ಮೇಲಾಗಿ ಕಥೆ ಗೊತ್ತಿಲ್ಲದವರಿಗೂ ‘ಸಿಹಿ’ ಎಂಬ ಅರ್ಥ ಕಿವಿಗೆ ಬಿದ್ದೊಡನೆ ತಿಳಿಯುತ್ತದೆ.

ನಿಜಾಮಿಯ ನಂತರ ಹೆಸರು ಫಾರ್ಸಿಯ ಗಡಿ ದಾಟಿ ನಡೆಯಿತು. ದೆಹಲಿಯಲ್ಲಿ ಅಮೀರ್ ಖುಸ್ರೋ 13ನೆಯ ಶತಮಾನದ ಕೊನೆಗೆ ಈ ಕಥೆಯನ್ನು ತಿರುಗಿ ಬರೆದ. ಹೆರಾತಿನಲ್ಲಿ ಅಲೀಶೇರ್ ನವಾಯಿ 15ನೆಯ ಶತಮಾನದಲ್ಲಿ ಅದನ್ನು ಚಗತಾಯ್ ತುರ್ಕಿ ನುಡಿಗೆ ತಂದು, ಖುಸ್ರೋನನ್ನು ಹಿಂದೆ ಸರಿಸಿ ಫರ್ಹಾದನನ್ನೇ ನಾಯಕನನ್ನಾಗಿ ಮಾಡಿದ. ಟರ್ಕಿಯ ಅಮಾಸ್ಯಾ ಊರಿನವರು ತಮ್ಮಲ್ಲಿನ ಪುರಾತನ ನೀರುಗಾಲುವೆಯನ್ನು ಫರ್ಹಾದನದೇ ಎನ್ನುತ್ತಾರೆ. ಟರ್ಕಿಶ್‌ನಲ್ಲಿ ‘ಶಿರಿನ್’ ಎಂದರೆ ಮುದ್ದಾದ ಎಂದಾಗಿಬಿಟ್ಟಿದೆ. ಮಕ್ಕಳ ಕಾರ್ಟೂನಿನ ನೀಲಿ ಸ್ಮರ್ಫ್‌ಗಳಿಗೆ ಅಲ್ಲಿ ‘ಶಿರಿನ್‌ಲರ್’ ಎಂದೇ ಹೆಸರು. ಬಂಗಾಳದಲ್ಲಿ ಸತ್ಯನಾರಾಯಣನಿಗೂ ಸತ್ಯಪೀರನಿಗೂ ಎಡೆ ಇಡುವ ‘ಶಿನ್ನಿ’ ಇದೇ ಶಿರೀನಿ. ಉರ್ದುವಿನಲ್ಲಿ ಆಗದ ಕೆಲಸ ಮಾಡುವುದಕ್ಕೆ ‘ಜೂಎ ಶೀರ್ ಲಾನಾ’ ಎನ್ನುತ್ತಾರೆ, ಹಾಲಿನ ಕಾಲುವೆ ತರುವುದು. ಒಂಟಿತನದಲ್ಲಿ ಸಂಜೆಯನ್ನು ಬೆಳಗಿನವರೆಗೆ ನೂಕುವುದೆಂದರೆ ಹಾಲಿನ ಕಾಲುವೆ ತಂದ ಹಾಗೆ ಎಂದು ಗಾಲಿಬ್ ತನ್ನ ದೀವಾನಿನ ಮೊದಲ ಗಜಲಿನಲ್ಲೇ ಹೇಳುತ್ತಾನೆ.

ಭಾರತದಲ್ಲಿ ಪಾರ್ಸಿ ಮನೆಗಳು ಈ ಹೆಸರನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿವೆ. 1931ರಲ್ಲಿ, ಟಾಕಿ ಶುರುವಾದ ವರ್ಷವೇ, ಕಲ್ಕತ್ತೆಯ ಮದನ್ ಕಂಪನಿ ‘ಶಿರೀನ್ ಫರ್ಹಾದ್’ ಚಿತ್ರವನ್ನು ನಲವತ್ತೆರಡು ಹಾಡುಗಳೊಡನೆ ತೆರೆಗೆ ತಂದಿತು. ನಮ್ಮಲ್ಲಿ ಶಿರೀನ್ ಬಾನು, ಶಿರೀನ್ ತಾಜ್ ಎಂಬ ಹೆಸರುಗಳು ಶಾಲೆಯ ಹಾಜರಿ ಪುಸ್ತಕಗಳಲ್ಲಿ ಅಪರೂಪವಲ್ಲ. ಬಾನು, ಒಡತಿ ಎಂಬರ್ಥದ ಆ ಪದವೂ ಫಾರ್ಸಿಯೇ. ಕ್ರೈಸ್ತ ರಾಣಿಯಿಂದ ಬಂದ ಹೆಸರನ್ನು ಅಗ್ನಿಪೂಜಕರು, ಮುಸ್ಲಿಮರು ಎಲ್ಲರೂ ತಮ್ಮದೆಂದು ಇಟ್ಟುಕೊಂಡಿದ್ದಾರೆ, ಯಾರ ಕೈಯಿಂದಲೂ ಯಾರೂ ಕಿತ್ತುಕೊಳ್ಳದೆ. ಪ್ಯಾಲೆಸ್ಟೀನಿನ ಜೆನಿನ್ ಊರಿನಲ್ಲಿ ವರದಿ ಮಾಡುತ್ತಿದ್ದಾಗ 2022ರ ಮೇ 11ರಂದು ಗುಂಡಿಗೆ ಬಲಿಯಾದ ಪತ್ರಕರ್ತೆ ಶಿರೀನ್ ಅಬು ಅಕ್ಲೆ ಕೂಡ ಪ್ಯಾಲೆಸ್ಟೀನಿನ ಕ್ರೈಸ್ತ ಕುಟುಂಬದವರು.

ತವರಿನಲ್ಲಿ ಹೆಸರುಗಳ ಲೆಕ್ಕ ಸರ್ಕಾರದ ಪುಸ್ತಕಕ್ಕೆ ಏರಿದ್ದು ತಡವಾಗಿ. ಇರಾನಿನಲ್ಲಿ ಗುರುತಿನ ಪತ್ರ ಕೊಡಲು ಶುರುವಾದದ್ದು 1918-19ರ ಚಳಿಗಾಲದಲ್ಲಿ. ಟೆಹರಾನಿನಲ್ಲಿ ಮೊದಲ ಪತ್ರ ಪಡೆದ ಹುಡುಗಿಯ ಹೆಸರು ಫಾತಿಮಾ. ನೂರು ವರ್ಷ ಕಳೆದ ಮೇಲೂ ಹೆಣ್ಣುಮಕ್ಕಳ ಹೆಸರುಗಳಲ್ಲಿ ಫಾತಿಮಾ, ಜಹ್ರಾಗಳದೇ ಮೇಲುಗೈ. ಶಿರೀನ್ ಆ ಸಾಲಿನಲ್ಲಿ ಎಂದೂ ಮುಂದೆ ನಿಂತ ಹೆಸರಲ್ಲ. ಪಹ್ಲವಿ ದೊರೆಗಳ ಕಾಲದಲ್ಲಿ ಇಸ್ಲಾಮಿಗಿಂತ ಹಿಂದಿನ ಪರ್ಷಿಯಾದ ಹೆಮ್ಮೆ ಮೇಲೆದ್ದು, ಹಳೆಯ ಹೆಸರುಗಳು ಓದು ಕಲಿತ ಮನೆಗಳ ತೊಟ್ಟಿಲುಗಳಿಗೆ ಮರಳಿದವು. 1947ರಲ್ಲಿ ಹಮದಾನಿನಲ್ಲಿ ಹುಟ್ಟಿದ ಶಿರೀನ್ ಎಬಾದಿ, 1957ರಲ್ಲಿ ಕಜ್ವೀನಿನಲ್ಲಿ ಹುಟ್ಟಿದ ಕಲಾವಿದೆ ಶಿರೀನ್ ನೆಶಾತ್ ಆ ಕಾಲದವರು. 1979ರ ಕ್ರಾಂತಿಯ ಹೊತ್ತಿಗೆ ಧಾರ್ಮಿಕ ಹೆಸರುಗಳ ಅಲೆ ಎದ್ದಿತು, ಕೆಲವೇ ವರ್ಷಗಳಲ್ಲಿ ಇಳಿಯಿತು, ಫಾರ್ಸಿ ಹೆಸರುಗಳು ಮತ್ತೆ ತಲೆಯೆತ್ತಿದವು. ಈ ಏರಿಳಿತದಲ್ಲಿ ಶಿರೀನ್ ನಡುವೆ ಉಳಿಯಿತು: ಅದು ಯಾವ ದೇವತೆಯದೂ ಅಲ್ಲ, ಯಾವ ಘೋಷಣೆಯದೂ ಅಲ್ಲ. ದೇಶ ಬಿಟ್ಟು ಯುರೋಪ್, ಅಮೆರಿಕ ಸೇರಿದವರಿಗೆ ಮತ್ತೊಂದು ಅನುಕೂಲವಾಯಿತು. ಪರಕೀಯರ ನಾಲಿಗೆ ತೊಡರುವ ಗಂಟಲಿನ ಅಕ್ಷರ ಈ ಹೆಸರಿನಲ್ಲಿ ಒಂದೂ ಇಲ್ಲ.

ಕ್ರಾಂತಿಯ ನಂತರ ಹೆಂಗಸರು ತೀರ್ಪು ಕೊಡುವಂತಿಲ್ಲವೆಂದು ನ್ಯಾಯಾಧೀಶೆ ಎಬಾದಿಯನ್ನು ಪೀಠದಿಂದ ಇಳಿಸಿದರು. 2003ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು, ಇರಾನಿಗೆ ಅದೇ ಮೊದಲ ನೊಬೆಲ್. 2008ರಲ್ಲಿ ಅಬ್ಬಾಸ್ ಕಿಯರೋಸ್ತಮಿ ‘ಶಿರೀನ್’ ಎಂಬ ಚಿತ್ರ ಮಾಡಿದ. ಅದರಲ್ಲಿ ನಿಜಾಮಿಯ ಕಥೆ ಕಿವಿಗೆ ಮಾತ್ರ ಕೇಳುತ್ತದೆ, ಕಣ್ಣಿಗೆ ಕಾಣುವುದು ಆ ಕಥೆಯನ್ನು ನೋಡುತ್ತ ಕುಳಿತ ನೂರಕ್ಕೂ ಹೆಚ್ಚು ನಟಿಯರ ಮುಖಗಳು. ಮೂರು ವರ್ಷದ ಮೇಲೆ, 2011ರಲ್ಲಿ, ಎಂಟು ಶತಮಾನ ಓದಿಸಿಕೊಂಡು ಬಂದ ಆ ಕಾವ್ಯದ ಒಂದು ಆವೃತ್ತಿಯ ಮರುಮುದ್ರಣವನ್ನು ಸರ್ಕಾರ ತಡೆಯಿತು ಎಂಬ ಸುದ್ದಿ ಬಂತು. ಓದಿ ನೋವಾಯಿತು. ಹೆಸರು ಇಟ್ಟುಕೊಳ್ಳಬಹುದು, ಹೆಸರಿನವಳ ಕಥೆ ಅಚ್ಚಾಗಬಾರದು ಎಂದರೆ ಹೇಗೆ?

ಕೆರ್ಮಾನ್‌ಶಾಹ್‌ನಿಂದ ಇನ್ನೂ ಪಡುವಣಕ್ಕೆ ಹೋದರೆ ಇರಾಕ್ ಗಡಿಯ ಹತ್ತಿರ ಕಸ್ರೆ ಶಿರೀನ್ ಎಂಬ ಊರಿದೆ, ಶಿರೀನಳ ಅರಮನೆ ಎಂದರ್ಥ. ಸಾಸಾನಿ ಕಾಲದ ಕಟ್ಟಡಗಳ ಹಾಳು ಗೋಡೆಗಳು ಅಲ್ಲಿವೆ. 1980ರ ದಶಕದ ಇರಾನ್-ಇರಾಕ್ ಯುದ್ಧ ಊರನ್ನು ನೆಲಸಮ ಮಾಡಿತು, ಜನ ಮರಳಿ ಬಂದು ಕಟ್ಟಿದರು. ಅಲ್ಲಿಂದ ಸ್ವಲ್ಪ ಮುಂದಿರುವ ಗಡಿ ದಾಟುವ ಕಟ್ಟೆಯ ಹೆಸರು ಖುಸ್ರವಿ, ಖುಸ್ರೋನದು. ಇಮಾಮ್ ಹುಸೇನರ ಸಾವಿನ ನಲವತ್ತನೆಯ ದಿನವನ್ನು ನೆನೆಯುವ ಅರ್ಬಯೀನ್ ಹೊತ್ತಿಗೆ ಇರಾಕಿನ ಕರ್ಬಲಾಕ್ಕೆ ಹೋಗುವ ಯಾತ್ರಿಕರು, ಅವರಲ್ಲಿ ಎಷ್ಟೋ ಫಾತಿಮಾ ಮತ್ತು ಜಹ್ರಾರು, ಶಿರೀನಳ ಊರನ್ನು ಹಾದು ಖುಸ್ರೋನ ಬಾಗಿಲಲ್ಲಿ ಗಡಿ ದಾಟುತ್ತಾರೆ.