ಅಜ್ಜಿ ಸಂಜೆ ಮೇಲೆ ನೀರು ಯಾಕೆ ಕುಡಿಯುವುದಿಲ್ಲ?

ವಯಸ್ಸಾದವರು ನೀರು ಕಡಿಮೆ ಕುಡಿದರೆ ಮರೆವು ಅಂದುಬಿಡುತ್ತೇವೆ. 70ರ ಹತ್ತಿರ ಬಂದ ದೇಹಕ್ಕೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ, ನಿಜ. ಮೂತ್ರದಲ್ಲಿ ಹೋಗುವ ನೀರನ್ನು ಉಳಿಸಿಕೊಳ್ಳುವ ಶಕ್ತಿಯೂ ಕಿಡ್ನಿಗೆ ಕಡಿಮೆಯಾಗಿರುತ್ತದೆ, ಹಾಗಾಗಿ ರಾತ್ರಿ ಎರಡು ಮೂರು ಸಲ ಏಳಬೇಕಾಗುತ್ತದೆ. ಈಗ ಇದೇ ಅಜ್ಜಿ ನಗರದ ಕೊಳೆಗೇರಿಯಲ್ಲಿ ಇದ್ದಾರೆ ಅಂದುಕೊಳ್ಳಿ. ಹತ್ತಾರು ಮನೆಗೆ ಒಂದೇ ಶೌಚಾಲಯ, ದಾರಿಯಲ್ಲಿ ಲೈಟಿಲ್ಲ, ನೆಲವೆಲ್ಲ ಒದ್ದೆ. ಅವರು ಸಂಜೆ ಮೇಲೆ ಲೋಟ ಮುಟ್ಟುವುದೇ ಇಲ್ಲ. ಕತ್ತಲಲ್ಲಿ ಬೀಳುವುದಕ್ಕಿಂತ ಬಾಯಿ ಒಣಗುವುದೇ ವಾಸಿ, ಅಲ್ವಾ?

ದೇಹ ಈ ಲೆಕ್ಕ ಒಪ್ಪುವುದಿಲ್ಲ. ನೀರು ಸಾಲದಿದ್ದರೆ ಎದ್ದು ನಿಂತ ಕೂಡಲೇ ಬಿಪಿ ಇಳಿದು ತಲೆ ಸುತ್ತುತ್ತದೆ, ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಜಾಸ್ತಿ. ಉರಿಮೂತ್ರ, ಮಲಬದ್ಧತೆ ಶುರುವಾಗುತ್ತದೆ. ಇದರ ಮೇಲೆ ಕಣ್ಣಿಗೆ ಪೊರೆ ಬಂದಿದ್ದರೆ ಕೇಳುವುದೇ ಬೇಡ, ಬೀಳುವ ಭಯಕ್ಕೆ ನೀರು ಬಿಟ್ಟವರು ಕೊನೆಗೆ ಬೀಳುವುದು ಹೀಗೆ. ಸೊಂಟದ ಮೂಳೆ ಮುರಿದರೆ ಹಾಸಿಗೆ ಹಿಡಿಯುತ್ತಾರೆ. ಗಟ್ಟಿಮುಟ್ಟಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಇರಿಸಿ ನೋಡಿದ ಒಂದು ಅಧ್ಯಯನದಲ್ಲಿ, ಅವರ ಕಾಲುಗಳಿಂದ ಸುಮಾರು 1 ಕೆಜಿ ಸ್ನಾಯು ಕರಗಿತ್ತು. ದಿನಗೂಲಿಯ ಮೇಲೆ ಬದುಕುವ ಮುದುಕರಿಗೆ ಕಾಲಿನ ಬಲ ಹೋಯಿತೆಂದರೆ ಸಂಪಾದನೆಯೂ ಹೋದ ಹಾಗೆ, ಆಮೇಲೆ ಮಾತ್ರೆ ಕೊಳ್ಳಬೇಕೋ ಊಟ ಮಾಡಬೇಕೋ ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ.

ಡಾಕ್ಟರು "ಚೆನ್ನಾಗಿ ನೀರು ಕುಡಿಯಿರಿ" ಅಂತಾರೆ. ಸಲಹೆ ಸರಿಯೇ. ಆದರೆ ಆ ಗಲ್ಲಿಗೆ ಒಂದು ಬಲ್ಬು, ಶೌಚಾಲಯದ ಗೋಡೆಗೆ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿದರೆ ಅದೂ ಔಷಧಿಯೇ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಇನ್ನು ಒಂಟಿತನ. ಹೊರಗೆ ಕಾಲಿಡುವ ಭಯಕ್ಕೆ ಅದೂ ಸೇರಿದರೆ ಹಿರಿಯರ ಜೀವಕ್ಕೇ ಕುತ್ತು. 1995ರ ಜುಲೈನಲ್ಲಿ ಅಮೆರಿಕದ ಷಿಕಾಗೊದಲ್ಲಿ ಬಿಸಿಗಾಳಿ ಬೀಸಿ ಕೆಲವೇ ದಿನಗಳಲ್ಲಿ 700ಕ್ಕೂ ಹೆಚ್ಚು ಜನ ಸತ್ತರು. ಬಹಳಷ್ಟು ಮಂದಿ ವಯಸ್ಸಾದವರು, ಬಡವರು, ಒಬ್ಬರೇ ಇದ್ದವರು. ಕಳ್ಳಕಾಕರ ಭಯಕ್ಕೆ ಕಿಟಕಿಯನ್ನೂ ತೆಗೆಯದೆ ಒಳಗೇ ಬೆಂದವರು ಅವರಲ್ಲಿದ್ದರು. ಆದರೆ ಅಕ್ಕಪಕ್ಕದ ಎರಡು ಬಡ ಬಡಾವಣೆಗಳಲ್ಲಿ, ಬಿಸಿಲು ಒಂದೇ ಆದರೂ, ಸಾವಿನ ಸಂಖ್ಯೆ ತುಂಬಾ ಬೇರೆ ಇತ್ತು. ಒಂದು ಕಡೆ ಅಂಗಡಿಗಳು ಮುಚ್ಚಿ, ಜನ ಊರು ಬಿಟ್ಟು, ಬೀದಿ ಖಾಲಿ ಹೊಡೆಯುತ್ತಿತ್ತು. ಸಾವು ಕಡಿಮೆಯಿದ್ದ ಕಡೆ ಬೀದಿ ತುಂಬಾ ಜನ ಇದ್ದರು, ಹಾಗಾಗಿ ಹಿರಿಯರು ಧೈರ್ಯವಾಗಿ ಹೊರಗೆ ಬಂದು, ಹತ್ತಿರದ ಎಸಿ ಹಾಕಿದ ಅಂಗಡಿಯಲ್ಲಿ ಸುಮ್ನೆ ಸ್ವಲ್ಪ ಹೊತ್ತು ತಣ್ಣಗೆ ಇದ್ದು ಹೋಗುತ್ತಿದ್ದರು.