ಒಂದೇ ವರ್ಷ ಬರ, ನೆರೆ: ಬ್ಯಾಂಕಿನ ಲೆಕ್ಕಕ್ಕೆ ಇದು ಸಿಗುತ್ತದಾ?

2019ರ ಮೇ ತಿಂಗಳಲ್ಲಿ ಅಥಣಿ, ಚಿಕ್ಕೋಡಿ ಕಡೆ ಕೃಷ್ಣೆ ಬತ್ತಿತ್ತು. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಿಂದ ನೀರು ಬಿಡಿ ಎಂದು ಜನ ಕೂಗುತ್ತಿದ್ದರು. ಆಗಸ್ಟ್‌ನಲ್ಲಿ ಅದೇ ಹೊಳೆ ಕಬ್ಬಿನ ಹೊಲ, ಮನೆ, ದನದ ಕೊಟ್ಟಿಗೆ ಎಲ್ಲವನ್ನೂ ಮುಳುಗಿಸಿತು. ನಡುವೆ ಮೂರೇ ತಿಂಗಳು. ಬೆಳೆಸಾಲ ಕೊಟ್ಟ ಸೊಸೈಟಿಗೆ ಇಂಥ ವರ್ಷ ತಡೆದುಕೊಳ್ಳೋಕೆ ಆಗುತ್ತದಾ?

ಬ್ಯಾಂಕುಗಳ ಸ್ಟ್ರೆಸ್ ಟೆಸ್ಟ್ ಎಂಬ ಪರೀಕ್ಷೆ ಕೇಳುವುದು ಇದನ್ನೇ: ಕೆಟ್ಟ ಕಾಲ ಬಂದರೆ ಎಷ್ಟು ಸಾಲ ಮುಳುಗುತ್ತದೆ, ಬ್ಯಾಂಕಿನ ಸ್ವಂತ ಬಂಡವಾಳ ಸಾಲುತ್ತದಾ. ಮಾರುಕಟ್ಟೆ ನಷ್ಟವನ್ನು ತಮ್ಮದೇ ಲೆಕ್ಕದ ಮಾದರಿಯಿಂದ ಅಳೆಯುವ ಬ್ಯಾಂಕುಗಳಿಗೆ, ಬ್ಯಾಂಕಿಂಗ್‌ಗೆ ಅಂತರರಾಷ್ಟ್ರೀಯ ನಿಯಮ ರೂಪಿಸುವ ಬಾಸೆಲ್ ಸಮಿತಿ 1996ರಲ್ಲಿ ಇದನ್ನು ಕಡ್ಡಾಯ ಮಾಡಿತು. ನಮ್ಮ ರಿಸರ್ವ್ ಬ್ಯಾಂಕಿನ ಮಾರ್ಗಸೂಚಿ 2007ರಲ್ಲಿ ಬಂತು. ಮರುವರ್ಷವೇ ಅಮೆರಿಕದ ಬ್ಯಾಂಕ್ ಬಿಕ್ಕಟ್ಟಿನ ಪೆಟ್ಟು. ಅಲ್ಲಿ ದೇಶದ ತುಂಬ ಮನೆ ಬೆಲೆ ಒಟ್ಟಿಗೇ ಬಿತ್ತು, ಆದರೆ ಬ್ಯಾಂಕುಗಳು ನಂಬಿದ್ದ ಅಂಕಿಗಳಲ್ಲಿ ಅಂಥ ವರ್ಷವೇ ಇರಲಿಲ್ಲ. 2009ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ 19 ದೊಡ್ಡ ಬ್ಯಾಂಕುಗಳನ್ನು ಪರೀಕ್ಷಿಸಿ, 10 ಬ್ಯಾಂಕುಗಳಿಗೆ ಒಟ್ಟು ಸುಮಾರು 7,500 ಕೋಟಿ ಡಾಲರ್ ಬಂಡವಾಳ ಕೂಡಿಸಿಕೊಳ್ಳಿ ಎಂದಿತು.

ಆದರೂ ಆ ಕೆಟ್ಟ ಕಾಲವನ್ನು ಕಲ್ಪಿಸಿದವರು ಮನುಷ್ಯರೇ. ಅವರ ತಲೆಗೆ ಬಾರದ್ದು ಪರೀಕ್ಷೆಗೆ ಬರುವುದಿಲ್ಲ, ಅಲ್ವಾ? 2014ರಲ್ಲಿ ಇಯಾನ್ ಗುಡ್‌ಫೆಲೋ ಮತ್ತು ಜೊತೆಗಾರರು ಗ್ಯಾನ್ (GAN) ಎಂಬ ಕೃತಕ ಬುದ್ಧಿಮತ್ತೆಯ ವಿಧಾನ ತಂದರು. ಅದರಲ್ಲಿ ತಾನೇ ಕಲಿಯುವ ಎರಡು ಕಂಪ್ಯೂಟರ್ ಜಾಲಗಳು: ಒಂದು ನಕಲಿ ಹುಟ್ಟಿಸುತ್ತದೆ, ಇನ್ನೊಂದು ಅದನ್ನು ಹಿಡಿಯಲು ನೋಡುತ್ತದೆ, ಹೀಗೆ ಗುದ್ದಾಡುತ್ತಲೇ ನಕಲಿ ಅಸಲಿಯ ಹಾಗೆ ಆಗುತ್ತದೆ. ಮೊದಲು ಚಿತ್ರಗಳಿಗೆ ಹೆಸರಾಯಿತು, ಆಮೇಲೆ ಷೇರು ಬೆಲೆ, ಬಡ್ಡಿದರಗಳಿಗೂ ಬಂತು. ಯಾವುದು ಯಾವುದರ ಜೊತೆ ಏರಿಳಿಯುತ್ತದೆ ಎಂದು ಕಲಿತ ಯಂತ್ರ, ಎಂದೂ ನಡೆಯದ ಸಾವಿರಾರು ವರ್ಷಗಳನ್ನು ಹುಟ್ಟಿಸಿಕೊಡುತ್ತದೆ. ಉದಾಹರಣೆಗೆ, ಹೊಳೆ ಬತ್ತಿದ್ದು, ಕಾರ್ಖಾನೆಯ ಕಬ್ಬಿನ ಬಿಲ್ಲು ತಡವಾದದ್ದು, ವಿಜಯಪುರದ ಒಣದ್ರಾಕ್ಷಿ ದರ ಬಿದ್ದದ್ದು, ಎಲ್ಲ ಒಂದೇ ವರ್ಷದಲ್ಲಿ. ನನಗೆ ಇದು ನಿಜಕ್ಕೂ ಬೇಕಾದದ್ದು ಅನಿಸುತ್ತದೆ.

ತೊಡಕೂ ಅಲ್ಲೇ ಇದೆ. ಅಪರೂಪದ ವರ್ಷಗಳು ಅಪರೂಪವಾದ್ದರಿಂದಲೇ ಯಂತ್ರ ಅವನ್ನು ಸರಿಯಾಗಿ ಕಲಿಯುವುದಿಲ್ಲ, ನೋಡಿದ್ದನ್ನೇ ಸ್ವಲ್ಪ ತಿರುಗಿಸಿ ಕೊಡುವುದೇ ಜಾಸ್ತಿ. ಅದಕ್ಕಿಂತ ನನ್ನನ್ನು ಕಾಡುವುದು ನಮ್ಮ ಖಾತೆ ಪುಸ್ತಕ. ಪ್ರಕೃತಿ ವಿಕೋಪದಲ್ಲಿ ಸಾಲದ ಕಂತನ್ನು ಮುಂದೆ ಹಾಕಿಕೊಟ್ಟರೆ ಆ ಸಾಲ ಪುಸ್ತಕದಲ್ಲಿ ಒಳ್ಳೆಯ ಸಾಲವಾಗಿಯೇ ಉಳಿಯಬಹುದು. ಸರ್ಕಾರ ಮನ್ನಾ ಮಾಡಿದರೆ ಅದು ತೀರಿದ ಸಾಲ. ರೈತನ ಮನೆಯಲ್ಲಿ ಏನಾಯಿತು ಎಂಬುದು ಎಲ್ಲೂ ದಾಖಲಾಗಿಲ್ಲ. ಆ ಪುಸ್ತಕವನ್ನು ಹಾಗೇ ಓದಿದ ಯಂತ್ರಕ್ಕೆ 2019 ಒಂದು ಸಾಧಾರಣ ವರ್ಷ. ಮೊದಲು ಸೊಸೈಟಿಯ ಹಳೆಯ ಕಾರ್ಯದರ್ಶಿಗಳನ್ನು ಕೂರಿಸಿಕೊಂಡು, ಯಾವ ಸಾಲ ನಿಜಕ್ಕೂ ದುಡಿದು ತೀರಿಸಿದ್ದು, ಯಾವುದು ಸುಮ್ನೆ ಮುಂದೆ ಹಾಕಿದ್ದು ಎಂದು ಗುರುತು ಹಾಕಿಸಬೇಕು. ಅವರಿಗೆ ಹೆಸರು ಸಮೇತ ನೆನಪಿದೆ.